1370ರ ಫ್ಲಾಂಡರ್ಸ್‌ನ ನೇಕಾರರ ಮನೆಯಲ್ಲಿ ಅಜ್ಜಿ, ತಾಯಿ, ಮಗಳು ಏನು ತೊಡುತ್ತಿದ್ದರು?

ಪ್ರಶ್ನೆ: ದುರ್ಗದ ರಂಗಾಸಕ್ತೆ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ನಮ್ಮ ಹವ್ಯಾಸಿ ತಂಡವು ತಾನೇ ಬರೆದುಕೊಂಡ ನಾಟಕವೊಂದನ್ನು ಈ ವರ್ಷ ಆಡಲು ಸಿದ್ಧತೆ ನಡೆಸುತ್ತಿದೆ. ಕಥೆ ನಡೆಯುವುದು 1370ರ ಸುಮಾರಿಗೆ, ಫ್ಲಾಂಡರ್ಸ್ ಪ್ರಾಂತ್ಯದ, ಇಂದಿನ ಬೆಲ್ಜಿಯಂನಲ್ಲಿರುವ ಘೆಂಟ್ ಪಟ್ಟಣದ ಒಬ್ಬ ಉಣ್ಣೆ ನೇಕಾರನ ಮನೆಯಲ್ಲಿ. ಎಪ್ಪತ್ತರ ಹತ್ತಿರದ ಅಜ್ಜಿ, ನಡುವಯಸ್ಸಿನ ತಾಯಿ, ಮದುವೆಗೆ ಬಂದ ಮಗಳು ಈ ಮೂವರು ಮುಖ್ಯ ಪಾತ್ರಗಳು. ಇವರ ಜೊತೆಗೆ ಮನೆಗೆಲಸದ ಒಬ್ಬ ಹೆಂಗಸು ಮತ್ತು ಬಟ್ಟೆ ವ್ಯಾಪಾರಿಯ ಸಿರಿವಂತ ಹೆಂಡತಿ ಬರುತ್ತಾರೆ.

ವೇಷಭೂಷಣಕ್ಕಾಗಿ ದಾವಣಗೆರೆಯ ಬಾಡಿಗೆ ಅಂಗಡಿಗಳನ್ನು ವಿಚಾರಿಸಿದಾಗ ಎಲ್ಲ ಕಡೆಯೂ ನಮಗೆ ತೋರಿಸಿದ್ದು ಒಂದೇ ಬಗೆಯ ಉಡುಪು: ಮಿರುಗುವ ಸ್ಯಾಟಿನ್ ಗೌನು, ಬೆನ್ನಿಗೆ ದಾರದ ಬಿಗಿತ, ತಲೆಗೆ ತುದಿಯಿಂದ ಪರದೆ ಇಳಿಬಿಟ್ಟ ಶಂಕುವಿನಾಕಾರದ ಟೋಪಿ. ರಾಣಿಗೂ ಅದೇ, ದಾಸಿಗೂ ಅದೇ, ಯಾವ ಶತಮಾನದ ಕಥೆಗೂ ಅದೇ. ಪ್ರೇಕ್ಷಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದು ತಂಡದ ಕೆಲವರು ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಮ್ಮ ಊರಿನ ಪ್ರೇಕ್ಷಕರು ಸೀರೆಯ ಅಂಚು ನೋಡಿ ಇದು ಮೊಳಕಾಲ್ಮೂರಿನದು, ಇದು ಇಳಕಲ್ಲಿನದು ಎಂದು ಗುರುತಿಸಬಲ್ಲವರು. ಬಟ್ಟೆ ಪಾತ್ರದ ಬಗ್ಗೆ ಹೇಳುವುದನ್ನು ಅವರು ಖಂಡಿತ ಗಮನಿಸುತ್ತಾರೆ.

ಆದ್ದರಿಂದ ತಿಳಿದವರಲ್ಲಿ ನನ್ನ ವಿನಂತಿ: ಮಧ್ಯಯುಗದ ಸಾವಿರ ವರ್ಷಗಳಲ್ಲಿ ಯುರೋಪಿನ ಹೆಂಗಸರ ಉಡುಪು ನಿಜವಾಗಿ ಎಷ್ಟು ಬದಲಾಯಿತು? ಒಂದೇ ಮನೆಯ ಮೂರು ತಲೆಮಾರುಗಳ ನಡುವೆ ರಂಗದ ಮೇಲೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇದ್ದಿರಬಹುದೇ? ಇದ್ದರೆ ಅದನ್ನು ಯಾವ ಬಟ್ಟೆಯಲ್ಲಿ, ಹೇಗೆ ಹೊಲಿಸಬೇಕು?

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ, ದಾವಣಗೆರೆ

ಮೇಡಂ ಅವರಿಗೆ ನಮಸ್ಕಾರಗಳು. ಮೊದಲು ಆ ಶಂಕುವಿನ ಟೋಪಿಯನ್ನು ಕೈಬಿಡಿ. ಅದು 15ನೇ ಶತಮಾನದ ನಡುಭಾಗದಲ್ಲಿ ಬರ್ಗಂಡಿ ಮತ್ತು ಫ್ರಾನ್ಸ್‌ನ ಅರಮನೆಗಳಲ್ಲಿ ಕಾಣಿಸಿಕೊಂಡು ಕೆಲವೇ ದಶಕಗಳಲ್ಲಿ ಮರೆಯಾದದ್ದು. ನಿಮ್ಮ ಕಥೆ ಅದಕ್ಕಿಂತ ಎಪ್ಪತ್ತು ವರ್ಷ ಹಿಂದಿನದು, ಅದರಲ್ಲೂ ನೇಕಾರರ ಮನೆಯದು. ನಮ್ಮಲ್ಲಿ ಆ ಟೋಪಿಯೇ ಮಧ್ಯಯುಗದ ಗುರುತಾಗಿಬಿಟ್ಟಿರುವುದು ಚಿತ್ರಕಥೆಗಳ ಪ್ರಭಾವ.

ಸಾವಿರ ವರ್ಷಗಳಲ್ಲಿ ಎಷ್ಟು ಬದಲಾಯಿತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ರೋಮ್ ಸಾಮ್ರಾಜ್ಯವು ಪಶ್ಚಿಮದಲ್ಲಿ ಕುಸಿದ ಮೇಲಿನ ಮೊದಲ ಕೆಲವು ಶತಮಾನಗಳಲ್ಲಿ ಉತ್ತರ ಯುರೋಪಿನ ಅನೇಕ ಕಡೆ ಹೆಂಗಸರ ಉಡುಪು ಹೊಲಿಗೆಗಿಂತ ಹೆಚ್ಚಾಗಿ ಪಿನ್ನಿನ ಮೇಲೆ ನಿಂತಿತ್ತು. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯನ್ನು ಕೊಳವೆಯಂತೆ ಮೈಗೆ ಸುತ್ತಿ ಎರಡೂ ಹೆಗಲ ಮೇಲೆ ಲೋಹದ ಪದಕದಂಥ ಪಿನ್ನುಗಳಿಂದ ಬಂಧಿಸುತ್ತಿದ್ದರು. ಗೋರಿಗಳಲ್ಲಿ ಬಟ್ಟೆ ಕೊಳೆತು ಹೋದರೂ ಈ ಪಿನ್ನುಗಳು ಎಲುಬಿನ ಹೆಗಲಿನ ಜಾಗದಲ್ಲೇ ಉಳಿದಿರುವುದರಿಂದ ಪುರಾತತ್ತ್ವಜ್ಞರು ಉಡುಪಿನ ರೂಪವನ್ನು ಊಹಿಸಬಲ್ಲರು. ಸ್ಕ್ಯಾಂಡಿನೇವಿಯಾದ ವೈಕಿಂಗ್ ಹೆಂಗಸರ ಗೋರಿಗಳಲ್ಲಿ ಆಮೆಯ ಚಿಪ್ಪಿನಂತೆ ಉಬ್ಬಿದ ಜೋಡಿ ಪಿನ್ನುಗಳು ಸಿಗುತ್ತವೆ. ಪ್ಯಾರಿಸ್ ಬಳಿಯ ಸಾಂ ದೆನಿಯಲ್ಲಿ 1959ರಲ್ಲಿ ದೊರೆತ ಫ್ರಾಂಕ್ ರಾಣಿ ಆರ್ನೆಗುಂಡಳ 6ನೇ ಶತಮಾನದ ಸಮಾಧಿಯಲ್ಲಿ ಕೆಂಪು ಕಲ್ಲು ಕೂರಿಸಿದ ಪಿನ್ನುಗಳ ಜೊತೆಗೆ ಬಟ್ಟೆಯ ತುಣುಕುಗಳೂ ಉಳಿದಿದ್ದವು.

12ನೇ ಶತಮಾನಕ್ಕೆ ಬಂದರೆ ಬೇರೆಯೇ ಆಕಾರ ಕಾಣುತ್ತದೆ. ಫ್ರಾನ್ಸ್‌ನ ಶಾರ್ತ್ರ್ ಪಟ್ಟಣದ ದೊಡ್ಡ ಚರ್ಚಿನ ಪಶ್ಚಿಮ ದ್ವಾರದಲ್ಲಿ ಆ ಶತಮಾನದ ಮಧ್ಯದಲ್ಲಿ ಕೆತ್ತಿದ ರಾಣಿಯರ ಶಿಲ್ಪಗಳನ್ನು ನೋಡಿ: ಮೈಗೆ ಅಂಟಿದಂಥ ನೆರಿಗೆಯ ಬಟ್ಟೆ, ಕೆಳಗೆ ಇಳಿಬಿದ್ದ ನಡುಕಟ್ಟು, ಮೊಣಕಾಲಿನವರೆಗೂ ಜೋಲುವ ತೋಳು. ಆ ತೋಳಿನಲ್ಲಿ ಯಾವ ಕೆಲಸವನ್ನೂ ಮಾಡಲಾಗದು. ಕೆಲಸ ಮಾಡಬೇಕಿಲ್ಲದವಳು ಎಂದು ಸಾರುವುದೇ ಅದರ ಉದ್ದೇಶ. 13ನೇ ಶತಮಾನವು ಇದಕ್ಕೆ ವಿರುದ್ಧವಾಗಿ ಸರಳವಾಗುತ್ತದೆ. ಒಳಗೆ ನಾರಗಸೆ (ಲಿನನ್) ಬಟ್ಟೆಯ ಒಳಂಗಿ, ಅದರ ಮೇಲೆ ಉದ್ದ ತೋಳಿನ ಸಡಿಲ ಉಣ್ಣೆಯ ಅಂಗಿ, ಅದರ ಮೇಲೆ ಮತ್ತೊಂದು ಅಗಲವಾದ ಮೇಲಂಗಿ, ಹೊರಗೆ ಹೋಗುವಾಗ ಹೊದಿಕೆ. ಗಂಡಸರ ಉಡುಪಿಗೂ ಹೆಂಗಸರ ಉಡುಪಿಗೂ ಉದ್ದದಲ್ಲಿ ಬಿಟ್ಟರೆ ಹೆಚ್ಚಿನ ಭೇದವಿರಲಿಲ್ಲ.

ನಿಮ್ಮ ನಾಟಕಕ್ಕೆ ಮುಖ್ಯವಾದ ತಿರುವು ಇದರ ನಂತರದ್ದು. 1330, 1340ರ ದಶಕಗಳಲ್ಲಿ ಪಶ್ಚಿಮ ಯುರೋಪಿನ ಉಡುಪು ಮೈಯ ಆಕಾರಕ್ಕೆ ತಕ್ಕಂತೆ ಕತ್ತರಿಸಲ್ಪಡತೊಡಗಿತು. ಕೊರಳು ಅಗಲವಾಯಿತು, ಎದೆ ಮತ್ತು ಸೊಂಟ ಬಿಗಿಯಾದವು, ತೋಳು ಕೈಗೆ ಅಂಟಿಕೊಂಡಿತು, ಮುಂಭಾಗದಲ್ಲಿ ಅಥವಾ ಮೊಣಕೈಯಿಂದ ಮಣಿಕಟ್ಟಿನವರೆಗೆ ಗುಂಡಿಗಳ ಸಾಲು ಬಂತು. ಮಠಗಳ ಬರಹಗಾರರು ಇದನ್ನು ಕಟುವಾಗಿ ಖಂಡಿಸಿದರು. ನಿಮ್ಮ ಅಜ್ಜಿಯ ಪಾತ್ರ 1300ರ ಆಸುಪಾಸಿನಲ್ಲಿ ಹುಟ್ಟಿದ್ದರೆ ಅವಳು ಬೆಳೆದದ್ದು ಸಡಿಲ ಅಂಗಿಯ ಕಾಲದಲ್ಲಿ. ತಾಯಿ ಹರೆಯಕ್ಕೆ ಬಂದದ್ದು ಈ ತಿರುವಿನ ಹೊತ್ತಿಗೆ. ಮಗಳಿಗೆ ಬಿಗಿ ಅಂಗಿ ಬಿಟ್ಟು ಬೇರೆ ನೆನಪೇ ಇಲ್ಲ. ಯುರೋಪಿನ ಉಡುಪಿನ ಇತಿಹಾಸದಲ್ಲಿ ಮೂರು ತಲೆಮಾರಿನ ವ್ಯತ್ಯಾಸ ತೋರಿಸಲು ಇದಕ್ಕಿಂತ ಒಳ್ಳೆಯ ಕಾಲವನ್ನು ನೀವು ಆರಿಸಿಕೊಳ್ಳಲು ಸಾಧ್ಯವಿರಲಿಲ್ಲ.

ಮುಂದೆ 15ನೇ ಶತಮಾನದ ಸಿರಿವಂತರಲ್ಲಿ ಎದೆಯ ಕೆಳಗೇ ನಡುಕಟ್ಟು ಬಿಗಿದ, ನೆಲದ ಮೇಲೆ ಹರಡುವ ಭಾರಿ ಗೌನು ಬರುತ್ತದೆ. ಯಾನ್ ವಾನ್ ಐಕ್ 1434ರಲ್ಲಿ ರಚಿಸಿದ ಆರ್ನೊಲ್ಫಿನಿ ದಂಪತಿಯ ಚಿತ್ರದಲ್ಲಿ ಹಸಿರು ಗೌನಿನ ಹೆಂಗಸು ಬಸುರಿಯಂತೆ ಕಾಣುವುದು ಅವಳು ಆ ಬಟ್ಟೆಯ ರಾಶಿಯನ್ನು ಹೊಟ್ಟೆಯ ಮುಂದೆ ಎತ್ತಿ ಹಿಡಿದಿರುವುದರಿಂದ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅದು ನಿಮ್ಮ ನಾಟಕದ ಕಾಲಕ್ಕೆ ಸಲ್ಲದು.

ಉತ್ತರ: ಹೊಲಿಗೆ ತರಬೇತಿ ನೀಡುವವರು, ದಾವಣಗೆರೆ

ಸರ್ ಅವರು ಹೇಳಿದ ತಿರುವಿನ ಒಳಗಿನ ಕೆಲಸವನ್ನು ನಾನು ಕತ್ತರಿ ಹಿಡಿಯುವವಳ ಕಣ್ಣಿನಿಂದ ವಿವರಿಸುತ್ತೇನೆ, ಏಕೆಂದರೆ ನಿಮ್ಮ ತಂಡದ ಟೈಲರಿಗೆ ಬೇಕಾಗುವುದು ಅದೇ.

ಹಳೆಯ ಸಡಿಲ ಅಂಗಿಯಲ್ಲಿ ಬಟ್ಟೆ ಒಂದಿಷ್ಟೂ ವ್ಯರ್ಥವಾಗುವುದಿಲ್ಲ. ಮೈಗೆ ಎರಡು ಉದ್ದನೆಯ ಆಯತ, ತೋಳಿಗೆ ಎರಡು ಆಯತ; ಕೈ ಎತ್ತಲು ಬರುವಂತೆ ಕಂಕುಳಲ್ಲಿ ಒಂದು ಚಿಕ್ಕ ಚೌಕ; ನಡೆಯಲು ಘೇರು ಸಿಗುವಂತೆ ಎರಡೂ ಪಕ್ಕಗಳಲ್ಲಿ ಮತ್ತು ಬೇಕಿದ್ದರೆ ಮುಂದೆ, ಹಿಂದೆ ಸೀಳಿದಲ್ಲಿ ತ್ರಿಕೋನದ ಪಟ್ಟಿಗಳು. ಹರಡಿಟ್ಟರೆ ತೋಳು ಮತ್ತು ಮೈ ಒಂದೇ ನೇರದಲ್ಲಿ ಇರುತ್ತವೆ. ಅಜ್ಜಿಯ ಅಂಗಿಯನ್ನು ಹೀಗೆ ಹೊಲಿಸಿ, ಸೊಂಟಕ್ಕೆ ಒಂದು ತೆಳು ಪಟ್ಟಿ ಕಟ್ಟಿ, ನೆರಿಗೆ ತಾನಾಗಿ ಬೀಳಲು ಬಿಡಿ.

ಮಗಳ ಅಂಗಿಯಲ್ಲಿ ಎಲ್ಲವೂ ಬೇರೆ. ಇಲ್ಲಿ ಕಂಕುಳ ಸುತ್ತ ದುಂಡಾಗಿ ಕತ್ತರಿಸಿ, ತೋಳಿನ ತಲೆಯನ್ನೂ ಬಾಗಿಸಿ ಕೂರಿಸಬೇಕು. ಇದು ನಮಗೆ ಇಂದು ರವಿಕೆಯ ಮೊದಲ ಪಾಠ; ಆದರೆ ಆ ಕಾಲದ ಯುರೋಪಿನ ದರ್ಜಿಗಳಿಗೆ ಅದು ಹೊಸ ಜ್ಞಾನ. ಮುಂಭಾಗ, ಬೆನ್ನು, ಪಕ್ಕ ಎಲ್ಲವನ್ನೂ ಬಾಗಿದ ಅಂಚುಗಳಲ್ಲಿ ಕತ್ತರಿಸಿ ಸೊಂಟದವರೆಗೆ ಮೈಗೆ ಕೂರಿಸಿ, ಅಲ್ಲಿಂದ ಕೆಳಗೆ ಘೇರನ್ನು ಬಿಚ್ಚಬೇಕು. ಹೀಗೆ ಕತ್ತರಿಸಿದಾಗ ಚೂರು ಉಳಿಯುತ್ತದೆ, ಬಟ್ಟೆ ಹೆಚ್ಚು ಬೇಕಾಗುತ್ತದೆ. ಕೈಯಲ್ಲಿ ಸ್ವಲ್ಪ ಹಣ ಓಡಾಡುವ ಮನೆಯಲ್ಲಿ ಮಾತ್ರ ಇಂಥ ಅಂಗಿ ಸಾಧ್ಯ ಎಂಬುದನ್ನು ನಿರ್ದೇಶಕರು ಮನಸ್ಸಿನಲ್ಲಿಡಲಿ.

ಇದಕ್ಕೆಲ್ಲ ಚಿತ್ರಗಳಷ್ಟೇ ಸಾಕ್ಷಿಯಲ್ಲ. ಗ್ರೀನ್‌ಲ್ಯಾಂಡಿನ ದಕ್ಷಿಣದ ಹೆರ್ಯೋಲ್ಫ್ಸ್‌ನೆಸ್ ಎಂಬಲ್ಲಿ ನಾರ್ಸ್ (ಸ್ಕ್ಯಾಂಡಿನೇವಿಯಾ ಮೂಲದ) ವಲಸಿಗರ ಸ್ಮಶಾನವಿತ್ತು. ಶವಪೆಟ್ಟಿಗೆಗೆ ಬದಲಾಗಿ ಉಟ್ಟ ಬಟ್ಟೆಯಲ್ಲೇ ಹೂಳಿದ ಅನೇಕರ ಉಡುಪುಗಳು ಅಲ್ಲಿನ ಹೆಪ್ಪುಗಟ್ಟಿದ ನೆಲದಲ್ಲಿ ಉಳಿದವು. 1921ರಲ್ಲಿ ಪೌಲ್ ನರ್ಲುಂಡ್ ಅವುಗಳನ್ನು ಹೊರತೆಗೆದರು, ಅವುಗಳಲ್ಲಿ ಹಲವು ಈಗ ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಯುರೋಪಿನ ತೀರಾ ಅಂಚಿನಲ್ಲಿ, ತಮ್ಮದೇ ಕುರಿಗಳ ಉಣ್ಣೆಯಲ್ಲಿ ಹೊಲಿದುಕೊಂಡ ಆ ಗೌನುಗಳಲ್ಲಿಯೂ ಸೊಂಟದಿಂದ ಕೆಳಗೆ ಬಿಚ್ಚಿಕೊಳ್ಳುವ ತ್ರಿಕೋನ ಪಟ್ಟಿಗಳು, ಕೂರಿಸಿದ ತೋಳುಗಳು ಇವೆ. ಅದರ ನಕ್ಷೆಗಳನ್ನು ನೋಡಿದಾಗಲೆಲ್ಲ ಆ ಹೆಸರಿಲ್ಲದ ಹೆಂಗಸರ ಕೈಚಳಕಕ್ಕೆ ನನ್ನ ಮನಸ್ಸು ತುಂಬಿ ಬರುತ್ತದೆ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಅಗೆತದಲ್ಲಿ 14ನೇ ಶತಮಾನದ ತೋಳಿನ ತುಂಡುಗಳು ಸಿಕ್ಕಿವೆ; ಅದೇ ಬಟ್ಟೆಯ ಚೂರನ್ನು ಮಡಿಸಿ ಉಂಡೆ ಮಾಡಿದ ಗುಂಡಿಗಳು, ಅಂಚಿಗೆ ತೀರಾ ಹತ್ತಿರವಾಗಿ ಕೈಯಿಂದ ಮಾಡಿದ ಕಾಜಗಳು. ಆದ್ದರಿಂದ ಪ್ಲಾಸ್ಟಿಕ್ ಗುಂಡಿ ಬೇಡ. ಬಟ್ಟೆಯ ಗುಂಡಿಗಳನ್ನೇ ಮಾಡಿಸಿ.

ಬೆನ್ನಿನ ದಾರದ ವಿಷಯ: ಆ ಕಾಲದ ಬಿಗಿಯುವ ದಾರ ಮುಂಭಾಗದಲ್ಲೋ ಪಕ್ಕದಲ್ಲೋ ಇರುವುದೇ ಹೆಚ್ಚು, ಮತ್ತು ಗಟ್ಟಿ ಕಡ್ಡಿಗಳಿಟ್ಟ ಕಾರ್ಸೆಟ್ಟು ಆಗ ಇರಲಿಲ್ಲ, ಎದೆಗೆ ಆಧಾರ ಸಿಗುತ್ತಿದ್ದದ್ದು ಅಂಗಿಯ ಕತ್ತರಿಕೆಯಿಂದಲೇ. ಆಸ್ಟ್ರಿಯಾದ ಲೆಂಗ್‌ಬರ್ಗ್ ಕೋಟೆಯ ದುರಸ್ತಿಯ ವೇಳೆ 2008ರಲ್ಲಿ ನೆಲದ ಹಲಗೆಗಳ ಕೆಳಗೆ 15ನೇ ಶತಮಾನದ ಬಟ್ಟೆಗಳು ಸಿಕ್ಕಾಗ ಅವುಗಳಲ್ಲಿ ಇಂದಿನ ಬ್ರಾ ಹೋಲುವ ನಾರಗಸೆಯ ಒಳ ಉಡುಪುಗಳಿದ್ದದ್ದು ಎಲ್ಲರಿಗೂ ಅಚ್ಚರಿ ತಂದಿತು.

ಉತ್ತರ: ಕಂಬಳಿ ನೇಯುವ ಮನೆತನದವರು, ಚಳ್ಳಕೆರೆ

ಕತ್ತರಿಯ ಮಾತು ಬಂತು, ಮಗ್ಗದ ಮಾತನ್ನೂ ಸೇರಿಸಬೇಕೆನಿಸಿತು. ಹಾಸಿನ (ಬಟ್ಟೆಯ ಉದ್ದಕ್ಕೆ ಹೋಗುವ) ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದನ್ನು ನೋಡುತ್ತಾ ಬೆಳೆದವನಾದ್ದರಿಂದ ಯಾವುದೇ ಊರಿನ ಉಣ್ಣೆಯ ಚರಿತ್ರೆ ಎಂದರೆ ನನಗೆ ಆಸಕ್ತಿ.

ಹೆಗಲ ಪಿನ್ನಿನ ಕಾಲದ ಯುರೋಪಿನಲ್ಲಿ ಮಗ್ಗ ಗೋಡೆಗೆ ಒರಗಿ ನೆಟ್ಟಗೆ ನಿಲ್ಲುತ್ತಿತ್ತು. ಹಾಸಿನ ಎಳೆಗಳ ತುದಿಗೆ ಮಣ್ಣಿನ ಅಥವಾ ಕಲ್ಲಿನ ಗುಂಡುಗಳನ್ನು ಕಟ್ಟಿ ಬಿಗಿ ಹಿಡಿಯುತ್ತಿದ್ದರು. ಅದರಲ್ಲಿ ನೇಯುತ್ತಿದ್ದವರು ಬಹುಪಾಲು ಹೆಂಗಸರು, ನೇಯ್ಗೆ ಮನೆಯ ಬಳಕೆಗೆ. 11ನೇ ಶತಮಾನದ ಹೊತ್ತಿಗೆ ಕಾಲಿನಿಂದ ತುಳಿದು ನಡೆಸುವ ಅಡ್ಡ ಮಗ್ಗ ಬಂತು, ಬಟ್ಟೆಯ ಉದ್ದ ಹೆಚ್ಚಿತು, ವೇಗವೂ ಹೆಚ್ಚಿತು. ಮುಂದೆ ಫ್ಲಾಂಡರ್ಸ್‌ನಲ್ಲಿ ಇಬ್ಬರು ಪಕ್ಕಪಕ್ಕ ಕುಳಿತು ಲಾಳಿಯನ್ನು ಒಬ್ಬರಿಂದೊಬ್ಬರಿಗೆ ಎಸೆಯುವ ಅಗಲ ಮಗ್ಗಗಳು ಬಂದವು. ಹಾಗೆ ನೇಯ್ದ ಬಟ್ಟೆಯನ್ನು ನೀರಿನಲ್ಲಿ ತುಳಿದು ದಟ್ಟಗೊಳಿಸಿ, ಮೇಲಿನ ರೋಮವನ್ನು ಎಬ್ಬಿಸಿ ದೊಡ್ಡ ಕತ್ತರಿಯಿಂದ ಸಮಗೊಳಿಸುತ್ತಿದ್ದರು. ಚೆನ್ನಾಗಿ ದಟ್ಟಗೊಂಡ ಬಟ್ಟೆಯನ್ನು ಕತ್ತರಿಸಿದರೆ ಅಂಚು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ದಾವಣಗೆರೆಯ ಅಕ್ಕನವರು ಹೇಳಿದ ಬಾಗಿದ ಕತ್ತರಿಕೆಗೆ ಈ ಬಟ್ಟೆಯೇ ಅನುವು ಮಾಡಿಕೊಟ್ಟಿತೆಂದು ನನ್ನ ನಂಬಿಕೆ. ನೂಲಿನಲ್ಲಿ ಬದಲಾವಣೆ ಆಗದೆ ಅಂಗಿಯಲ್ಲಿ ಆಗುವುದಿಲ್ಲ.

ನೂಲಿನ ವಿಚಾರಕ್ಕೆ ಬಂದರೆ, ರಾಟೆ ಏಷ್ಯಾದ ಕಡೆಯಿಂದ ಯುರೋಪಿಗೆ ಹೋಗಿ 13ನೇ ಶತಮಾನದಲ್ಲಿ ಹರಡಿತು. ಜರ್ಮನಿಯ ಸ್ಪೈಯರ್ ಪಟ್ಟಣದ 1298ರ ನಿಯಮವೊಂದು ರಾಟೆಯ ನೂಲನ್ನು ಹೊಕ್ಕಿನ (ಅಡ್ಡ) ಎಳೆಗೆ ಬಳಸಬಹುದು, ಹಾಸಿನ ಎಳೆಗೆ ಬಳಸಬಾರದು ಎನ್ನುತ್ತದೆ. ಹಾಸಿನ ನೂಲಿಗೆ ಬಿಗಿಯಾದ ಎಳೆ ಬೇಕು ಎಂಬುದನ್ನು ನಮ್ಮ ಮನೆಯ ಹಿರಿಯರಿಗೆ ಯಾರೂ ಬರೆದು ಹೇಳಬೇಕಿರಲಿಲ್ಲ. ನಿಮ್ಮ ಅಜ್ಜಿಯ ಕೈಯಲ್ಲಿ ರಾಟೆಗಿಂತ ಕದಿರು ಮತ್ತು ಉಣ್ಣೆ ಸುತ್ತಿದ ಕೋಲು ಇರಲಿ. ಇಂಗ್ಲೆಂಡಿನಲ್ಲಿ 1325ರಿಂದ 1340ರ ನಡುವೆ ಸಿದ್ಧವಾದ ಲಟ್ರೆಲ್ ಸಾಲ್ಟರ್ ಎಂಬ ಸಚಿತ್ರ ಹಸ್ತಪ್ರತಿಯಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿರುವ ಹೆಂಗಸು ಆ ಕೋಲನ್ನು ಕಂಕುಳಲ್ಲೇ ಇರುಕಿಕೊಂಡಿದ್ದಾಳೆ.

ಬಣ್ಣಕ್ಕೆ ಮೂರು ಗಿಡಗಳು ಮುಖ್ಯ: ನೀಲಿಗೆ ವೋಡ್, ಹಳದಿಗೆ ವೆಲ್ಡ್, ಕೆಂಪಿಗೆ ನಮ್ಮ ಮಂಜಿಷ್ಠದ ಕುಲಕ್ಕೇ ಸೇರಿದ ಮ್ಯಾಡರ್. ಹಳದಿಯ ಮೇಲೆ ನೀಲಿ ಅದ್ದಿದರೆ ಹಸಿರು. ಕೆಂಪು ಮತ್ತು ಹಳದಿ ಹಿಡಿಯಲು ಪಟಿಕ ಬೇಕು. ಅದು ಜಿನೋವಾದ ವ್ಯಾಪಾರಿಗಳ ಮೂಲಕ ಇಂದಿನ ಟರ್ಕಿಯ ಕರಾವಳಿಯಿಂದ ಬರುತ್ತಿತ್ತು. ಕೆರ್ಮಿಸ್ ಎಂಬ ಕೀಟದಿಂದ ತೆಗೆದ ಉಜ್ವಲ ಕೆಂಪು ಅತಿ ದುಬಾರಿ, ಅದು ವ್ಯಾಪಾರಿಯ ಹೆಂಡತಿಗೆ ಮಾತ್ರ ಇರಲಿ. ಅಂದರೆ ನೇಕಾರರ ಮನೆಯವರು ಮಸಕು ಕಂದು ಬಣ್ಣದಲ್ಲೇ ಇರಬೇಕಿಲ್ಲ. ಇಟ್ಟಿಗೆಗೆಂಪು, ತಿಳಿನೀಲಿ, ಹಸಿರು ಎಲ್ಲವೂ ಸಲ್ಲುತ್ತವೆ.

ಮನೆಗೆಲಸದವಳಿಗೆ ಬಣ್ಣ ಹಾಕದ, ಕುರಿಯ ಮೈಬಣ್ಣದ ಉಣ್ಣೆ ಸರಿ. ನಮ್ಮ ಕಂಬಳಿ ಅಂಗಿಗೆ ತೀರಾ ಒರಟು, ಆದರೆ ಅವಳ ಹೊದಿಕೆಗೆ ಅದನ್ನು ಧಾರಾಳವಾಗಿ ಬಳಸಬಹುದು. ಉಳಿದವರ ಅಂಗಿಗೆ ಹಳೆಯ ಉಣ್ಣೆ ಶಾಲುಗಳನ್ನೋ ಹೊಳಪಿಲ್ಲದ ದಪ್ಪ ಬಟ್ಟೆಯನ್ನೋ ಹುಡುಕಿ; ಒಳಂಗಿಗೆ ಬಿಳಿ ಖಾದಿ ಸಾಕು. ಸ್ಯಾಟಿನ್ ಮಾತ್ರ ಯಾರಿಗೂ ಬೇಡ.

ಉತ್ತರ: ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಹಿರಿಯರ ಉತ್ತರಗಳಿಂದ ಬಹಳ ಕಲಿತೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ಗೌರವದಿಂದ ಮುಂದಿಡುತ್ತೇನೆ. ಮಗ್ಗ ಸುಧಾರಿಸಿತು, ಉಡುಪು ಸೊಗಸಾಯಿತು ಎಂದಷ್ಟೇ ಹೇಳಿದರೆ ಆ ಕಥೆಯಲ್ಲಿ ಹೆಂಗಸರು ಕಳೆದುಕೊಂಡದ್ದು ಮರೆಯಾಗುತ್ತದೆ. ನೆಟ್ಟ ಮಗ್ಗದ ಕಾಲದಲ್ಲಿ ನೇಯ್ಗೆ ಹೆಂಗಸರ ವಿದ್ಯೆಯಾಗಿತ್ತು. ಅಡ್ಡ ಮಗ್ಗ ಪಟ್ಟಣದ ಕಸುಬಾದ ಮೇಲೆ ನೇಕಾರರ ಸಂಘಗಳು ಹೆಚ್ಚಾಗಿ ಗಂಡಸರ ಕೈಗೆ ಹೋದವು. ಒಂದು ಮಗ್ಗಕ್ಕೆ ನೂಲು ಒದಗಿಸಲು ಹಲವು ಕೈಗಳು ಬೇಕಾದರೂ ಆ ನೂಲುವ ಹೆಂಗಸರಿಗೆ ಸಿಕ್ಕ ಕೂಲಿ ಅತಿ ಕಡಿಮೆ. ಬಿಗಿ ಅಂಗಿಯ ಮಗಳು ತನ್ನ ಅಜ್ಜಿಗಿಂತ ಸೊಗಸಾಗಿ ಕಾಣಬಹುದು. ಆದರೆ ಅವಳು ಮಗ್ಗದ ಒಡತಿಯಾಗುವ ಸಾಧ್ಯತೆ ಹೆಚ್ಚಿತೆಂದು ಹೇಳಲಾಗದು.

ಇನ್ನು ಕಾನೂನು. ಇಂಗ್ಲೆಂಡಿನ 1363ರ ಶಾಸನವು ಯಾರು ಏನು ತೊಡಬೇಕೆಂದು ಅಂತಸ್ತಿನ ಪ್ರಕಾರ ವಿಧಿಸಿತು. ಕುಶಲಕರ್ಮಿಗಳ ಹೆಂಡತಿ, ಮಕ್ಕಳು ರೇಷ್ಮೆಯ ತಲೆವಸ್ತ್ರ ತೊಡುವಂತಿಲ್ಲ. ತುಪ್ಪಳವೆಂದರೆ ಕುರಿಮರಿ, ಮೊಲ, ಬೆಕ್ಕು, ನರಿ ಇವುಗಳದ್ದು ಮಾತ್ರ. ಉಳುವವರಿಗೆ, ಗಾಡಿ ಹೊಡೆಯುವವರಿಗೆ ಒರಟು ಕಂಬಳಿ ಬಟ್ಟೆ. ಹೆಂಗಸಿನ ಅಂತಸ್ತನ್ನು ಅಳೆದದ್ದು ಗಂಡನ ಅಥವಾ ತಂದೆಯ ಅಂತಸ್ತಿನಿಂದ. ಫ್ಲಾರೆನ್ಸ್ ನಗರವಂತೂ 1343ರ ಸುಮಾರಿಗೆ ಹೆಂಗಸರ ನಿಷಿದ್ಧ ಉಡುಪುಗಳನ್ನು ಅಧಿಕಾರಿಗಳ ಮುಂದೆ ತಂದು ನೋಂದಾಯಿಸಬೇಕೆಂದಿತು. ಉಡುಪಿನ ವಿಕಾಸವನ್ನು ಆಯ್ಕೆಯ ವಿಕಾಸವೆಂದು ನೋಡುವ ಮೊದಲು ಇದನ್ನು ಗಣನೆಗೆ ತೆಗೆದುಕೊಳ್ಳಬೇಕಲ್ಲವೇ?

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ, ದಾವಣಗೆರೆ

ಮಗ್ಗದ ಬಗ್ಗೆ ನೀವು ಹೇಳಿದ್ದು ಸರಿ, ಅದನ್ನು ನಾಟಕದಲ್ಲಿ ತರಲೇಬೇಕು. ಕಾನೂನಿನ ಬಗ್ಗೆ ಮಾತ್ರ ನನ್ನ ಓದು ಬೇರೆ. 1363ರ ಶಾಸನವನ್ನು ಸುಮಾರು ಒಂದೇ ವರ್ಷದಲ್ಲಿ ಹಿಂತೆಗೆದುಕೊಂಡರು. ಕರಾರುವಾಕ್ಕಾಗಿ ರೇಷ್ಮೆ ತಲೆವಸ್ತ್ರವನ್ನೇ ನಿಷೇಧಿಸಬೇಕಾಯಿತೆಂದರೆ ಅದನ್ನು ಕುಶಲಕರ್ಮಿಗಳ ಹೆಂಡತಿಯರು ತೊಡುತ್ತಿದ್ದರು, ಅಥವಾ ತೊಡುವರೆಂಬ ಭಯವಿತ್ತು ಎಂದೇ ನಾನು ತಿಳಿಯುತ್ತೇನೆ. ಇದರ ಹಿಂದೆ 1347ರಿಂದ 1351ರವರೆಗೆ ಯುರೋಪನ್ನು ಬಡಿದ ಮಹಾಪ್ಲೇಗ್ ಇದೆ. ದುಡಿಯುವ ಕೈಗಳು ಕಡಿಮೆಯಾಗಿ ಕೂಲಿ ಏರಿತು, ಸತ್ತವರ ಬಟ್ಟೆಬರೆ ಬದುಕಿದವರ ಪಾಲಾಯಿತು. ಆ ಕಾಲದ ಉಯಿಲುಗಳಲ್ಲಿ ಹೆಂಗಸರು ತಮ್ಮ ಒಂದೊಂದು ಗೌನನ್ನೂ ಹೆಸರಿಸಿ ಮಗಳಿಗೋ ಕೆಲಸದವಳಿಗೋ ಬಿಟ್ಟುಹೋಗುತ್ತಾರೆ. ಉಡುಪು ಅವರಿಗೆ ಆಸ್ತಿಯಾಗಿತ್ತು, ಕೈಯಲ್ಲಿ ಉಳಿದ ಕೆಲವೇ ಸ್ವಂತ ವಸ್ತುಗಳಲ್ಲಿ ಒಂದಾಗಿತ್ತು.

ಘೆಂಟ್‌ಗೆ ಸಂಬಂಧಿಸಿದ ಒಂದು ವಿವರ: 1336ರಲ್ಲಿ ಇಂಗ್ಲೆಂಡಿನ ಮೂರನೇ ಎಡ್ವರ್ಡ್ ಫ್ಲಾಂಡರ್ಸ್‌ಗೆ ಉಣ್ಣೆಯ ರಫ್ತನ್ನು ನಿಲ್ಲಿಸಿದಾಗ ಆ ಪಟ್ಟಣದ ಮಗ್ಗಗಳು ನಿಂತು ನೇಕಾರರು ಹಸಿವಿಗೆ ಸಿಲುಕಿದರು. ನಿಮ್ಮ ಅಜ್ಜಿಗೆ ಅದು ನಡುಹರೆಯದ ನೆನಪು. ಮೊಮ್ಮಗಳ ಅಂಗಿಗೆ ಕತ್ತರಿಸಿ ಉಳಿದ ಚೂರುಗಳನ್ನು ಅವಳು ಆಯ್ದು ಇಟ್ಟುಕೊಳ್ಳುವ ಸನ್ನಿವೇಶಕ್ಕೆ ಇದು ಆಧಾರವಾಗಬಹುದು.

ಪ್ರತಿಕ್ರಿಯೆ: ದುರ್ಗದ ರಂಗಾಸಕ್ತೆ, ಚಿತ್ರದುರ್ಗ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಚೂರು ಆಯುವ ಸನ್ನಿವೇಶವನ್ನು ಸೇರಿಸಲು ನಮ್ಮ ಬರಹಗಾರರು ಒಪ್ಪಿದ್ದಾರೆ. ಒಂದು ಸಂದೇಹ ಉಳಿದಿದೆ: ಶಂಕುವಿನ ಟೋಪಿ ಇಲ್ಲವೆಂದಾದರೆ ತಲೆಗೆ ಏನು? ಮೂವರ ಕೂದಲನ್ನೂ ಬಿಟ್ಟುಬಿಡಬಹುದೇ?

ಉತ್ತರ: ಹೊಲಿಗೆ ತರಬೇತಿ ನೀಡುವವರು, ದಾವಣಗೆರೆ

ಮದುವೆಯಾದ ಹೆಂಗಸು ತಲೆ ಮುಚ್ಚುವುದು ಅಲ್ಲಿ ಅಂದಿನ ವಾಡಿಕೆ. ಅಜ್ಜಿಗೆ ಗಲ್ಲದ ಕೆಳಗೂ ಕೊರಳ ಸುತ್ತಲೂ ಬಿಳಿ ಬಟ್ಟೆ ಸುತ್ತಿ, ಅದರ ತುದಿಗಳನ್ನು ಕಿವಿಯ ಮೇಲೆ ಕಟ್ಟಿ, ಮೇಲೆ ಇನ್ನೊಂದು ವಸ್ತ್ರ ಹೊದಿಸಿ. ಇದು ಅವಳ ಯೌವನದ ರೀತಿ, ವಿಧವೆಯರಲ್ಲಿ ಬಹುಕಾಲ ಉಳಿದದ್ದು. ತಾಯಿಗೆ ಕೊರಳು ತೆರೆದಿರಲಿ, ತಲೆಯ ಮೇಲೆ ಅರ್ಧಚಂದ್ರಾಕಾರದ ವಸ್ತ್ರವಿರಲಿ. ವ್ಯಾಪಾರಿಯ ಹೆಂಡತಿಗೆ ಮುಖದ ಸುತ್ತ ಹಲವು ಪದರಗಳ ನಿರಿಗೆ ಅಂಚು ಬರುವಂಥ ತಲೆವಸ್ತ್ರ ಮಾಡಿಸಿ. ಆ ಶತಮಾನದ ನಡುವಿನಿಂದ ಫ್ಲಾಂಡರ್ಸ್ ಮತ್ತು ಜರ್ಮನ್ ಪಟ್ಟಣಗಳಲ್ಲಿ ಅದು ಬಹಳ ಮೆಚ್ಚುಗೆ ಪಡೆದಿತ್ತು. ಮಗಳು ಮದುವೆಯಾಗದವಳಾದ್ದರಿಂದ ಎರಡು ಜಡೆ ಹೆಣೆದು ಕಿವಿಗಳ ಪಕ್ಕದಲ್ಲಿ ಎತ್ತಿ ಕಟ್ಟಿದರೆ ಸಾಕು. ಕೂದಲು ಬಿಚ್ಚಿಬಿಡುವುದು ಯಾರಿಗೂ ಬೇಡ.

ವಸ್ತ್ರ ಜಾರದಿರಲು ಮೊದಲು ಹಣೆಗೆ ಒಂದು ಅಗಲ ಬಿಳಿ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಗುಂಡುಸೂಜಿಗಳನ್ನು ಆ ಪಟ್ಟಿಗೇ ಚುಚ್ಚಿ. ಅವರೂ ಹಾಗೆಯೇ ಸೂಜಿಗಳಿಂದ ನಿಲ್ಲಿಸುತ್ತಿದ್ದರು. ಮೂರೂ ಅಂಗಿಗಳ ಕಾಗದದ ನಕ್ಷೆಗಳನ್ನು ಬರೆದು ಇಲ್ಲಿಯೇ ಹಾಕುತ್ತೇನೆ. ಪಾತ್ರಧಾರಿಗಳ ಎದೆ, ಸೊಂಟ, ಹೆಗಲು ಮತ್ತು ತೋಳಿನ ಅಳತೆಗಳನ್ನು ಒಳಂಗಿ ತೊಡಿಸಿ ತೆಗೆದುಕೊಂಡು ತಿಳಿಸಿ, ಏಕೆಂದರೆ ಮಗಳ ಅಂಗಿ ಅದರ ಮೇಲೆಯೇ ಕೂರಬೇಕು.